ಹೊಸ ಬೋಗಿ ಯಾವ ಮಾರ್ಗಕ್ಕೆ, ಹಳೆಯದು ಯಾವುದಕ್ಕೆ?

ನ್ಯೂಯಾರ್ಕ್ ಸಬ್‌ವೇಯ 6ನೇ ಮಾರ್ಗದಲ್ಲಿ 2000ನೇ ಇಸವಿಯ ಆಸುಪಾಸಿನಲ್ಲಿ ಬಂದ ಆರ್-142ಎ ಬೋಗಿಗಳು ಓಡುತ್ತಿದ್ದವು. 2013ರ ನಂತರದ ಕೆಲವು ವರ್ಷಗಳಲ್ಲಿ ಅವು ಕಡಿಮೆಯಾಗುತ್ತ ಹೋಗಿ, ಆ ಜಾಗಕ್ಕೆ 1980ರ ದಶಕದ ಆರ್-62ಎ ಬೋಗಿಗಳು ಬಂದವು. ಹೊಸದನ್ನು ಕಿತ್ತುಕೊಂಡು ಹಳೆಯದನ್ನು ಕೊಟ್ಟರೆ ದಿನವೂ ಓಡಾಡುವವರಿಗೆ ಬೇಸರವಾಗುವುದು ಸಹಜ. ಆದರೆ ಕಾರಣ ಇದ್ದದ್ದು ಬೇರೊಂದು ಮಾರ್ಗದಲ್ಲಿ. ಕ್ವೀನ್ಸ್‌ಗೆ ಹೋಗುವ 7ನೇ ಮಾರ್ಗಕ್ಕೆ ಆಗ ಸಿಬಿಟಿಸಿ ಎಂಬ ಸಿಗ್ನಲ್ ವ್ಯವಸ್ಥೆಯನ್ನು ಅಳವಡಿಸುತ್ತಿದ್ದರು. ಈ ವ್ಯವಸ್ಥೆಯಲ್ಲಿ ಪ್ರತಿ ರೈಲೂ ತಾನು ಎಲ್ಲಿದ್ದೇನೆಂದು ರೇಡಿಯೊ ಮೂಲಕ ತಿಳಿಸುತ್ತಿರುತ್ತದೆ. ಎಷ್ಟು ದೂರ, ಎಷ್ಟು ವೇಗದಲ್ಲಿ ಹೋಗಬಹುದೆಂಬ ಅಪ್ಪಣೆಯೂ ರೇಡಿಯೊದಲ್ಲೇ ಬರುತ್ತದೆ. ಇದಕ್ಕೆ ರೈಲಿನೊಳಗೆ ಕಂಪ್ಯೂಟರ್ ಬೇಕು. 7ನೇ ಮಾರ್ಗದಲ್ಲಿದ್ದ ಹಳೆಯ ಆರ್-62ಎಗೆ ಅದನ್ನು ಕೂರಿಸುವುದಕ್ಕಿಂತ, ಕಂಪ್ಯೂಟರ್ ನಿಯಂತ್ರಣ ಮೊದಲೇ ಇದ್ದ ಆರ್-142ಎಯನ್ನು ಮಾರ್ಪಡಿಸುವುದು ಸುಲಭ.

ಆ ಮಾರ್ಪಾಡಿನ ಲೆಕ್ಕವೇ ಒಂದು ಪಾಠ. 6ನೇ ಮಾರ್ಗದ ರೈಲಿಗೆ 10 ಬೋಗಿ, 7ನೆಯದಕ್ಕೆ 11. ಆರ್-142ಎಯ 380 ಬೋಗಿಗಳನ್ನು ಮಾರ್ಪಡಿಸಿದಾಗ 38 ರೈಲುಗಳಾದವು. ಪ್ರತಿ ರೈಲಿಗೂ ಒಂದೊಂದರಂತೆ 38 ಹೊಸ ಬೋಗಿ ಸೇರಿಸಬೇಕಾಯಿತು. ಇನ್ನೂ 8 ರೈಲು ಬೇಕಿದ್ದರಿಂದ ಮತ್ತೆ 88. ಹೀಗೆ ಆರ್-188 ಎಂಬ ಹೆಸರಿನ 506 ಬೋಗಿಗಳ ಪಡೆ ಸಿದ್ಧವಾಯಿತು. 7ನೇ ಮಾರ್ಗದಿಂದ ತೆರವಾದ ಆರ್-62ಎಗಳು 6ನೇ ಮಾರ್ಗಕ್ಕೆ ಬಂದವು.

ಬೋಗಿ ಹಂಚುವಾಗ ವಯಸ್ಸನ್ನು ನೋಡುವುದು ಕೊನೆಗೆ. ಮೊದಲು ನೋಡುವುದು ಸುರಂಗವನ್ನು. ಅಂಕಿಗಳ ಹೆಸರಿನ ಮಾರ್ಗಗಳಲ್ಲಿ ಸುರಂಗ ಕಿರಿದು: ಬೋಗಿಯ ಉದ್ದ ಸುಮಾರು 51 ಅಡಿ, ಅಗಲ 9 ಅಡಿಗೂ ಕಡಿಮೆ. ಅಕ್ಷರಗಳ ಹೆಸರಿನ ಮಾರ್ಗಗಳಲ್ಲಿ ಅಗಲ ಸುಮಾರು 10 ಅಡಿ, ಉದ್ದ 60 ಅಥವಾ 75 ಅಡಿ. ಈ ದೊಡ್ಡ ಬೋಗಿ ಕಿರಿದಾದ ಸುರಂಗದಲ್ಲಿ ಹಿಡಿಯುವುದೇ ಇಲ್ಲ. ಚಿಕ್ಕದು ದೊಡ್ಡ ಸುರಂಗದಲ್ಲಿ ಓಡಬಲ್ಲದು, ಆದರೆ ಪ್ಲಾಟ್‌ಫಾರ್ಮಿಗೂ ಬಾಗಿಲಿಗೂ ನಡುವೆ ಕಾಲು ಸಿಕ್ಕಿಬೀಳುವಷ್ಟು ಸಂದು ಉಳಿಯುತ್ತದೆ.

75 ಅಡಿಯ ಬೋಗಿಗೆ ತಿರುವಿನದೂ ತೊಂದರೆ. ಹಳಿ ಬಾಗಿದ ಕಡೆ ಬೋಗಿ ಬಾಗುವುದಿಲ್ಲ. ಅದರ ನಡುಭಾಗ ತಿರುವಿನ ಒಳಮಗ್ಗುಲಿಗೆ ಚಾಚುತ್ತದೆ, ತುದಿಗಳು ಹೊರಮಗ್ಗುಲಿಗೆ. ನಡುಭಾಗದ ಈ ಚಾಚು, ಎರಡು ಗಾಲಿಗಾಡಿಗಳ (ಬೋಗಿಯ ಕೆಳಗೆ ಗಾಲಿಗಳನ್ನು ಹೊತ್ತ ಚೌಕಟ್ಟುಗಳ) ನಡುವಿನ ದೂರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ ಉದ್ದ ಕಾಲು ಭಾಗ ಹೆಚ್ಚಿದರೆ ಚಾಚು ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಜೆ, ಝಡ್, ಎಲ್, ಎಂ ಮಾರ್ಗಗಳಿಗೆ 60 ಅಡಿಯವನ್ನೇ ಕೊಡುವುದು ಇದಕ್ಕೇ. ಉದ್ದದ ಬೋಗಿಗೆ ಇನ್ನೊಂದು ಕೊರತೆಯೂ ಇದೆ. 600 ಅಡಿಯ ರೈಲಿಗೆ 75 ಅಡಿಯವು 8 ಸಾಕು, 60 ಅಡಿಯವು 10 ಬೇಕು. ಎರಡಕ್ಕೂ ಒಂದು ಮಗ್ಗುಲಿಗೆ ನಾಲ್ಕೇ ಬಾಗಿಲು. ಅಂದರೆ ಒಂದರಲ್ಲಿ 32 ಬಾಗಿಲು, ಇನ್ನೊಂದರಲ್ಲಿ 40. ಜನ ತುಂಬಿದ ನಿಲ್ದಾಣದಲ್ಲಿ ಆ ಎಂಟು ಬಾಗಿಲುಗಳ ಬೆಲೆ ಗೊತ್ತಾಗುತ್ತದೆ. 2023ರಲ್ಲಿ ಎ ಮಾರ್ಗಕ್ಕೆ ಬಂದ ಆರ್-211ರಲ್ಲಿ ಬಾಗಿಲಿನ ಅಗಲವನ್ನೂ 50 ಇಂಚಿನಿಂದ 58ಕ್ಕೆ ಏರಿಸಿದ್ದಾರೆ.

ಆಮೇಲೆ ಸಂಖ್ಯೆ. ಹೋಗಿ ಬಂದು ಮತ್ತೆ ಹೊರಡಲು 120 ನಿಮಿಷ ಹಿಡಿಯುವ ಮಾರ್ಗದಲ್ಲಿ 6 ನಿಮಿಷಕ್ಕೊಂದು ರೈಲು ಬೇಕೆಂದರೆ 20 ರೈಲು, ಅಂದರೆ 200 ಬೋಗಿ. ತಪಾಸಣೆ, ರಿಪೇರಿಗೆಂದು ನಿಲ್ಲುವವಕ್ಕೆ ಶೇ. 15 ಸೇರಿಸಿದರೆ 230. ಈಗಿನ ಬೋಗಿಗಳು ಹೆಚ್ಚಾಗಿ ನಾಲ್ಕು ಅಥವಾ ಐದರ ಜೋಡಣೆಯಲ್ಲಿ ಖಾಯಂ ಆಗಿ ಕೂಡಿಕೊಂಡಿರುತ್ತವೆ. ಒಂದರ ಬಾಗಿಲಿನ ಮೋಟಾರು ಕೆಟ್ಟರೂ ಐದೂ ಡಿಪೊ ಸೇರಬೇಕು. ಒಂದೇ ಮಾರ್ಗದಲ್ಲಿ ಎರಡು ಮಾದರಿ ಬೆರೆಸಿದರೆ ಎರಡಕ್ಕೂ ಬೇರೆ ಮೀಸಲು, ಬೇರೆ ಬಿಡಿಭಾಗ, ಬೇರೆ ತರಬೇತಿ ಬೇಕಾಗುತ್ತದೆ. ಸಾಧ್ಯವಾದಷ್ಟೂ ಒಂದು ಡಿಪೊಗೆ ಒಂದೇ ಮಾದರಿ ಇಡಬೇಕು.

ಇಷ್ಟೆಲ್ಲ ದಾಟಿದ ಮೇಲೂ ಹಳೆಯ ಬೋಗಿಗೆ ಎಲ್ಲಿ ಕಷ್ಟ ಕಡಿಮೆ ಎಂದು ಯೋಚಿಸಲು ಜಾಗವಿರುತ್ತದೆ. 1964–65ರ ಆರ್-32 ಇದಕ್ಕೆ ಒಳ್ಳೆಯ ಉದಾಹರಣೆ. ಅವು ಓಡುತ್ತಿದ್ದ ಸಿ ಮಾರ್ಗ ಪೂರ್ತಿ ನೆಲದಡಿಯದು. ಎ.ಸಿ. ಎಂದರೆ ಒಳಗಿನ ಶಾಖವನ್ನು ಹೊರಗೆ ಚೆಲ್ಲುವ ಯಂತ್ರ. ಬೇಸಿಗೆಯಲ್ಲಿ ಸುರಂಗದ ಗಾಳಿಯೇ ಕಾದಿದ್ದರೆ ಕಂಡೆನ್ಸರ್ ಆ ಶಾಖವನ್ನು ಬಿಟ್ಟುಕೊಡಲಾರದು. ಅನಿಲದ ಒತ್ತಡ ಏರುತ್ತದೆ, ಸುರಕ್ಷಾ ಸ್ವಿಚ್ಚು ಕಂಪ್ರೆಸರನ್ನು ನಿಲ್ಲಿಸುತ್ತದೆ. ಬೆಂದ ಬೋಗಿಯಿಂದ ಜನ ಪಕ್ಕದ ಬೋಗಿಗೆ ನುಗ್ಗುತ್ತಾರೆ, ಅಲ್ಲಿ ಬಾಗಿಲು ಮುಚ್ಚುವುದು ತಡವಾಗುತ್ತದೆ, ಹಿಂದಿನ ರೈಲುಗಳೂ ನಿಲ್ಲುತ್ತವೆ. 2011ರ ಬೇಸಿಗೆಯಲ್ಲಿ ಹಲವು ಆರ್-32ಗಳನ್ನು ಜೆ, ಝಡ್ ಮಾರ್ಗಗಳಿಗೆ ಕಳಿಸಿ, ಅಲ್ಲಿನ ಹೊಸ ಆರ್-160ಗಳನ್ನು ಸಿ ಮಾರ್ಗಕ್ಕೆ ತಂದರು. ಜೆ ಬಹುಪಾಲು ಮೇಲ್ಸೇತುವೆಯ ಮೇಲೆ, ಬಯಲು ಗಾಳಿಯಲ್ಲಿ ಓಡುತ್ತದೆ. ಬೋಗಿಯ ದೋಷ ಹೋಗಲಿಲ್ಲ, ಆದರೆ ಅದರ ಕಾಟ ತಗ್ಗಿತು. ಇಂಥ ಅದಲುಬದಲು ನನಗೆ ತುಂಬ ಮೆಚ್ಚುಗೆಯಾಗುತ್ತದೆ.

ಹುಟ್ಟಿದ ವರ್ಷ ನೋಡಿ ಗುಜರಿಗೆ ಹಾಕುವುದೂ ತಪ್ಪಾಗಬಹುದು. 1970ರ ದಶಕದ ಆರ್-44ರ ಕೆಳಭಾಗದ ಇಂಗಾಲದ ಉಕ್ಕಿಗೆ ತುಕ್ಕು ಹಿಡಿದು, ಸಬ್‌ವೇಯಲ್ಲಿ ಅವು 2010ಕ್ಕೇ ನಿವೃತ್ತವಾದವು. ಅವಕ್ಕಿಂತ ಹಿರಿಯದಾದ, ಸ್ಟೇನ್‌ಲೆಸ್ ಉಕ್ಕಿನ ಆರ್-32 ಜನವರಿ 2022ರವರೆಗೂ ಓಡಿತು.

ಹೊಸದೂ ನಂಬಿಕೆ ಗಳಿಸಬೇಕು. ವೈರಿಂಗ್, ಬಾಗಿಲ ಬೀಗ, ಸಾಫ್ಟ್‌ವೇರ್‌ನ ಆರಂಭದ ದೋಷಗಳು ಹೊರಬರುವುದು ಜನ ಹತ್ತಿದ ಮೇಲೆಯೇ. 318 ಬೋಗಿಗಳ ಆರ್-179 ಪಡೆಯಲ್ಲಿ ಸೇವೆಗೆ ಬಂದಿದ್ದವನ್ನು ಜನವರಿ 2020ರಲ್ಲಿ ಬಾಗಿಲ ದೋಷಕ್ಕಾಗಿ ಹಿಂದಕ್ಕೆ ಪಡೆದರು. ಅದೇ ಜೂನ್‌ನಲ್ಲಿ ಒಂದು ರೈಲು ನಡುವೆ ಕಳಚಿಕೊಂಡದ್ದರಿಂದ ಅವು ಮತ್ತೆ ನಿಂತವು. ಆಗ ಜುಲೈನಲ್ಲಿ ಡಿಪೊದಿಂದ ಹೊರಬಂದು ಜೆ ಮಾರ್ಗದಲ್ಲಿ ಜನರನ್ನು ಹೊತ್ತದ್ದು, ಆ ವಸಂತದಲ್ಲಿ ಸೇವೆಯಿಂದ ಸರಿಸಿಟ್ಟಿದ್ದ ಅದೇ ಆರ್-32ಗಳು.