ಸ್ಕ್ಯಾನ್ ಎಷ್ಟು ಎಂಬಿ ಅಂತ ಕೇಳಬೇಡಿ

ನೆಟ್‌ವರ್ಕ್ ಸ್ಕ್ಯಾನ್, ಅಂದರೆ ನೆಟ್‌ವರ್ಕ್‌ನಲ್ಲಿರುವ ಡಿವೈಸ್‌ಗಳನ್ನೆಲ್ಲ ತಪಾಸಣೆ ಮಾಡೋದು, ಮಾಡಬೇಕು ಅಂದ ತಕ್ಷಣ ಗ್ರಾಹಕರಿಂದ ಬರುವ ಮೊದಲ ಪ್ರಶ್ನೆ, "ಎಷ್ಟು ಬ್ಯಾಂಡ್‌ವಿಡ್ತ್ ತಿನ್ನುತ್ತೆ ಸರ್?" ಸುಮಾರು 21 ಎಂಬಿ ಅಂದರೆ ಸಾಕು, "ಅಷ್ಟೇನಾ, ಮಾಡಿ ಮಾಡಿ" ಅಂತ ನಿರಾಳವಾಗಿಬಿಡುತ್ತಾರೆ. ಬ್ಯಾಂಡ್‌ವಿಡ್ತ್ ಅಂದರೆ ಸೆಕೆಂಡಿಗೆ ಎಷ್ಟು ಡೇಟಾ ಅನ್ನೋದು, ಎಂಬಿ ಅಂದರೆ ಒಟ್ಟು ಎಷ್ಟು ಡೇಟಾ ಅನ್ನೋದು. ಅವರು ಕೇಳಿದ್ದು ವೇಗ, ಒಪ್ಪಿಕೊಂಡಿದ್ದು ಮೊತ್ತ. ಎಷ್ಟು ಸಲ ಹೇಳಿದರೂ ಇದೊಂದು ತಲೆಗೆ ಹೋಗೋದೇ ಇಲ್ಲ.

ಲೆಕ್ಕ ನೋಡಿ. 254 ಡಿವೈಸ್, ಒಂದೊಂದಕ್ಕೆ 1000 ಪೋರ್ಟ್ (ಡೇಟಾ ಒಳಹೋಗುವ ಬಾಗಿಲು ಅಂದುಕೊಳ್ಳಿ), ಪೋರ್ಟಿಗೊಂದು ಪ್ಯಾಕೆಟ್. ಅಂದರೆ 2,54,000 ಪ್ಯಾಕೆಟ್. "ಬಾಗಿಲು ತೆರೆದಿದೆಯಾ" ಅಂತ ಕೇಳುವ ಈ ಸಿನ್ ಪ್ಯಾಕೆಟ್ ಎಷ್ಟೇ ಪುಟ್ಟದಾದರೂ ಅದನ್ನು ಹೊತ್ತೊಯ್ಯುವ ಈಥರ್‌ನೆಟ್ ಫ್ರೇಮ್ 64 ಬೈಟ್‌ಗಿಂತ ಕಮ್ಮಿ ಆಗಲ್ಲ, ಅದರ ಮುಂದೆ ಹೋಗುವ ಸೂಚನೆಯ ಬಿಟ್‌ಗಳು (ಪ್ರಿಯಾಂಬಲ್), ಹಿಂದೆ ಬಿಡುವ ಖಾಲಿ ಜಾಗ (ಗ್ಯಾಪ್) ಎಲ್ಲ ಸೇರಿ ತಂತಿ ಮೇಲೆ 84 ಬೈಟ್. ಗುಣಿಸಿದರೆ ಅದೇ 21 ಎಂಬಿ. ಇದನ್ನು ಸೆಕೆಂಡಿಗೆ 100 ಪ್ಯಾಕೆಟ್‌ನಂತೆ ಕಳಿಸಿದರೆ 42 ನಿಮಿಷ ಹಿಡಿಯುತ್ತೆ, 67 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್; ಒಂದು ಬೈಟ್‌ಗೆ 8 ಬಿಟ್) ಸಾಕು. ಯಾರಿಗೂ ಗೊತ್ತೂ ಆಗಲ್ಲ. ಅದನ್ನೇ 30 ಸೆಕೆಂಡಲ್ಲಿ ಮುಗಿಸಲು ಹೊರಟರೆ 5.7 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಬೇಕು. ಕಚೇರಿಯೊಳಗಿನ ಗಿಗಾಬಿಟ್ ಸ್ವಿಚ್‌ಗೆ ಇದು ಲೆಕ್ಕಕ್ಕೇ ಇಲ್ಲ, ಆದರೆ ಬ್ರಾಂಚ್‌ಗೆ ಇರೋದು 2 ಎಂಬಿಪಿಎಸ್ ಲಿಂಕ್ ಅಲ್ವಾ?

ಒಬ್ಬ ಗ್ರಾಹಕರ ಬ್ರಾಂಚ್‌ನಲ್ಲಿ ಸ್ಕ್ಯಾನ್ ಶುರುವಾದಾಗಲೆಲ್ಲ ಅದೇ ಲಿಂಕ್ ಮೇಲೆ ಹೋಗುವ ಫೋನ್ ಕಾಲ್ ತುಂಡುತುಂಡಾಗುತ್ತಿತ್ತು. ಅಲ್ಲಿನ ಅಡ್ಮಿನ್ ಪಾಪ ಒಳ್ಳೆ ಹುಡುಗ, ಗ್ರಾಫ್ ತೋರಿಸಿ "ಲಿಂಕ್ 20 ಪರ್ಸೆಂಟೂ ದಾಟಿಲ್ಲ ನೋಡಿ" ಅಂತ ವಾದ ಮಾಡಿದ. ಆ ಗ್ರಾಫ್ 5 ನಿಮಿಷದ ಸರಾಸರಿ ಕಣಪ್ಪಾ! ಒಂದು ನಿಮಿಷ ಲಿಂಕ್ ಪೂರ್ತಿ ಕಟ್ಟಿಕೊಂಡು ಉಳಿದ ನಾಲ್ಕು ನಿಮಿಷ ಖಾಲಿ ಬಿದ್ದಿದ್ದರೂ ಅದು 20 ಪರ್ಸೆಂಟ್ ಅಂತಲೇ ತೋರಿಸುತ್ತೆ.

ಹಾಗಾಗಿ ನಾನು ಮೊದಲು ಕೇಳೋದು ದಾರಿಯಲ್ಲಿರುವ ಅತಿ ಸಣ್ಣ ಲಿಂಕ್ ಯಾವುದು, ಅದರಲ್ಲಿ ಎಷ್ಟು ಪಾಲು ನನಗೆ ಬಿಟ್ಟುಕೊಡುತ್ತೀರಿ ಅಂತ. ಅದನ್ನು ನೋಡಿಕೊಂಡು ಸೆಕೆಂಡಿಗೆ ಇಷ್ಟೇ ಪ್ಯಾಕೆಟ್ ಅಂತ ಮಿತಿ ಹಾಕುತ್ತೇನೆ. ಎನ್‌ಮ್ಯಾಪ್ ಅನ್ನೋ ಸ್ಕ್ಯಾನ್ ಸಾಫ್ಟ್‌ವೇರ್‌ನಲ್ಲಿ ಮ್ಯಾಕ್ಸ್-ರೇಟ್ ಅನ್ನೋ ಆಪ್ಷನ್ ಇರೋದೇ ಇದಕ್ಕೆ.

ಮೇಲಿನ ಲೆಕ್ಕವನ್ನು ಹಾಗೇ ರಿಪೋರ್ಟ್‌ಗೆ ಹಾಕಬೇಡಿ ಮತ್ತೆ. ಅದು ಹೋಗುವ ಪ್ಯಾಕೆಟ್‌ಗಳದ್ದು ಮಾತ್ರ. ಮುಚ್ಚಿದ ಪೋರ್ಟ್ ಕೂಡ ಸಾಮಾನ್ಯವಾಗಿ ರೀಸೆಟ್ (ಸಂಪರ್ಕ ಇಲ್ಲ) ಅಂತ ಉತ್ತರ ಕಳಿಸುತ್ತೆ, ಫೈರ್‌ವಾಲ್ ಉತ್ತರವನ್ನೇ ನುಂಗಿದರೆ ಸ್ಕ್ಯಾನರ್ ಮತ್ತೆ ಮತ್ತೆ ಕೇಳುತ್ತೆ. ಇನ್ನು ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗಿ ಸಾಫ್ಟ್‌ವೇರ್ ಪಟ್ಟಿ ಓದುವ ಸ್ಕ್ಯಾನ್‌ಗೆ ಈ 84 ಬೈಟ್ ಲೆಕ್ಕ ನಡೆಯೋದೇ ಇಲ್ಲ. ನಾಲ್ಕೈದು ಮೆಷಿನ್ ಮೇಲೆ ಓಡಿಸಿ, ಸೆಕೆಂಡ್ ಸೆಕೆಂಡಿಗೆ ಅಳೆದು ನೋಡಿದ ಮೇಲೆ ನನಗೆ ಫೋನ್ ಮಾಡಿ.