ಸಂಸ್ಕಾರ: ಕಥೋಲಿಕ ಧರ್ಮಕೇಂದ್ರದಲ್ಲಿ ಈ ಪದಕ್ಕೆ ಏನರ್ಥ?

"ಒಳ್ಳೆ ಸಂಸ್ಕಾರ ಇರುವ ಮನೆ" ಅನ್ನುತ್ತೇವೆ. ಆಗ ಮಾತು ನಡತೆಯದ್ದು, ಬೆಳೆಸಿದ ರೀತಿಯದ್ದು. ಯಾರೋ ತೀರಿಕೊಂಡರು ಅಂತ ಗೊತ್ತಾದರೆ "ಸಂಸ್ಕಾರ ಎಷ್ಟು ಗಂಟೆಗೆ?" ಅಂತ ಕೇಳುತ್ತೇವೆ. ಆಗ ಅದು ಅಂತ್ಯಕ್ರಿಯೆ. ಕಚ್ಚಾ ವಸ್ತುವನ್ನು ಶುದ್ಧ ಮಾಡಿ ಹದಕ್ಕೆ ತಂದರೆ ಅದನ್ನೂ ಸಂಸ್ಕರಿಸಿದ್ದು ಅಂತಲೇ ಕರೆಯುತ್ತೇವೆ. ಇಷ್ಟು ಮುಖಗಳಿರುವ ಪದವನ್ನು ಕಥೋಲಿಕರು ಕನ್ನಡದಲ್ಲಿ ಇನ್ನೊಂದು ಅರ್ಥಕ್ಕೂ ಬಳಸುತ್ತಾರೆ. ಅವರ ಬಾಯಲ್ಲಿ ಸಂಸ್ಕಾರ ಅಂದರೆ ಏಳು ನಿರ್ದಿಷ್ಟ ಆಚರಣೆಗಳು: ದೀಕ್ಷಾಸ್ನಾನ (ನೀರು ಹೊಯ್ದು ಕ್ರೈಸ್ತರಾಗಿ ಸೇರಿಸಿಕೊಳ್ಳುವುದು), ದೃಢೀಕರಣ (ಆ ದೀಕ್ಷೆಯನ್ನು ಗಟ್ಟಿಗೊಳಿಸುವುದು), ಪರಮಪ್ರಸಾದ (ಪೂಜೆಯಲ್ಲಿ ಪಡೆಯುವ ರೊಟ್ಟಿ, ದ್ರಾಕ್ಷಾರಸ), ಪಾಪನಿವೇದನೆ (ತಪ್ಪು ಒಪ್ಪಿಕೊಂಡು ಕ್ಷಮೆ ಪಡೆಯುವುದು), ರೋಗಿಗಳ ಅಭ್ಯಂಗ (ರೋಗಿಗೆ ಎಣ್ಣೆ ಹಚ್ಚುವುದು), ಗುರುದೀಕ್ಷೆ (ಗುರು, ಅಂದರೆ ಫಾದರ್ ಆಗುವ ದೀಕ್ಷೆ), ವಿವಾಹ.

ಪಟ್ಟಿ ನೋಡಿದವರಿಗೆ ಒಂದು ಅನುಮಾನ ಬರಬಹುದು. ಅಂತ್ಯಸಂಸ್ಕಾರ ಎಲ್ಲಿ? ಅದು ಈ ಏಳರಲ್ಲಿ ಇಲ್ಲ. ಸತ್ತವರಿಗಾಗಿ ಚರ್ಚಿನಲ್ಲಿ ಬಲಿಪೂಜೆ (ಇಂಗ್ಲಿಷಿನ 'ಮಾಸ್') ನಡೆಯುತ್ತದೆ, ಪ್ರಾರ್ಥನೆ ನಡೆಯುತ್ತದೆ, ಸಮಾಧಿಗೆ ಪವಿತ್ರ ಜಲ ಚಿಮುಕಿಸುತ್ತಾರೆ. ಆದರೆ ಸಂಸ್ಕಾರಗಳು ಬದುಕಿರುವವರಿಗೆ ಮಾತ್ರ. ರೋಗಿಯ ಹಣೆಗೆ ಎಣ್ಣೆ ಹಚ್ಚಲು ಬಂದ ಫಾದರ್, ಜೀವ ಹೋಗಿರುವುದು ಖಚಿತವಾದರೆ ಎಣ್ಣೆ ಹಚ್ಚುವುದಿಲ್ಲ. ಅಲ್ಲೇ ನಿಂತು ಪ್ರಾರ್ಥನೆ ಮಾಡುತ್ತಾರೆ.

ಲ್ಯಾಟಿನ್‌ನಲ್ಲಿ ಈ ಪದ 'ಸಾಕ್ರಮೆಂಟುಮ್'. ರೋಮನ್ ಸೈನಿಕ ಪಡೆಗೆ ಸೇರುವಾಗ ಮಾಡುತ್ತಿದ್ದ ಪ್ರತಿಜ್ಞೆಗೆ ಆ ಹೆಸರಿತ್ತು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಉತ್ತರ ಆಫ್ರಿಕಾದ ತೆರ್ತುಲ್ಲಿಯನ್ ಆ ಪದವನ್ನು ದೀಕ್ಷಾಸ್ನಾನಕ್ಕೆ ಬಳಸಿದ. ಗ್ರೀಕ್ ಕ್ರೈಸ್ತರು 'ಮಿಸ್ತೇರಿಯೋನ್' ಅನ್ನುತ್ತಾರೆ, ಅಂದರೆ ರಹಸ್ಯ. ಸುಮ್ನೆ ಮುಚ್ಚಿಟ್ಟ ಗುಟ್ಟಲ್ಲ ಅದು. ಸಂತ ಪೌಲನ ಪತ್ರಗಳಲ್ಲಿ ಬರುವ ಅರ್ಥ, ದೇವರ ಮನಸ್ಸಿನಲ್ಲಿ ಅಡಗಿದ್ದು ಈಗ ಎಲ್ಲರ ಕಣ್ಣಿಗೆ ಬಿದ್ದದ್ದು ಅಂತ. ಒಂದು ಪದದಲ್ಲಿ ಮನುಷ್ಯ ಕೊಡುವ ಮಾತಿದೆ, ಇನ್ನೊಂದರಲ್ಲಿ ದೇವರು ತೋರಿಸುವ ಗುಟ್ಟಿದೆ. ಎರಡೂ ಸೇರಿದರೆ ಕಥೋಲಿಕರ ವಿವರಣೆ ಸುಲಭವಾಗಿ ಅರ್ಥವಾಗುತ್ತದೆ. ಕಣ್ಣಿಗೆ ಕಾಣದ ದೇವರ ವರಪ್ರಸಾದಕ್ಕೆ ಕಣ್ಣಿಗೆ ಕಾಣುವ ಗುರುತೇ ಸಂಸ್ಕಾರ. ಆ ಗುರುತು ಬರೀ ಸೂಚಿಸುವುದಿಲ್ಲ, ಸೂಚಿಸಿದ್ದನ್ನು ಕೊಟ್ಟೇ ಬಿಡುತ್ತದೆ ಅನ್ನುವುದು ಅವರ ನಂಬಿಕೆ. ಇದಕ್ಕೆ ಬೇಕಾಗುವುದೆಲ್ಲ ಸಾಮಾನ್ಯ ವಸ್ತುಗಳು. ನೀರು, ರೊಟ್ಟಿ, ದ್ರಾಕ್ಷಾರಸ, ಎಣ್ಣೆ, ತಲೆಯ ಮೇಲೆ ಇಟ್ಟ ಕೈ, ಬಾಯಿಂದ ಬಂದ ಮಾತು.

ಏಳು ಅನ್ನುವ ಲೆಕ್ಕ ಮೊದಲಿನಿಂದಲೂ ಇರಲಿಲ್ಲ. ಆಚರಣೆಗಳು ಇದ್ದವು, ಎಣಿಕೆ ಇರಲಿಲ್ಲ. 12ನೇ ಶತಮಾನದಲ್ಲಿ ಪೀಟರ್ ಲೊಂಬಾರ್ಡ್ ಎಂಬ ಪಂಡಿತನ ಪಾಠಗಳಿಂದ ಈ ಪಟ್ಟಿ ಎಲ್ಲೆಡೆ ಹರಡಿತು. 1547ರಲ್ಲಿ ಟ್ರೆಂಟ್ ಮಹಾಸಭೆ, ಅಂದರೆ ಬಿಷಪರ ದೊಡ್ಡ ಸಭೆ, ಏಳೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಅಂತ ತೀರ್ಮಾನಿಸಿತು.

ಇಲ್ಲಿಯವರೆಗಿನದು ನಿಘಂಟಿನ ಅರ್ಥ. ಆದರೆ ಧರ್ಮಕೇಂದ್ರ ಅನ್ನುವ ಇನ್ನೊಂದು ಪದವನ್ನು ಜೊತೆಯಲ್ಲಿಟ್ಟು ನೋಡದೆ ಸಂಸ್ಕಾರದ ಅರ್ಥ ಪೂರ್ತಿಯಾಗುವುದಿಲ್ಲ ಅಂತ ನನಗನ್ನಿಸುತ್ತದೆ.

ಧರ್ಮಕೇಂದ್ರ ಅಂದ ತಕ್ಷಣ ಚರ್ಚಿನ ಕಟ್ಟಡ, ಗಂಟೆ ಗೋಪುರ ನೆನಪಾಗುತ್ತದೆ, ಅಲ್ವಾ? ಇಂಗ್ಲಿಷಿನಲ್ಲಿ ಇದಕ್ಕೆ 'ಪ್ಯಾರಿಷ್' ಅನ್ನುತ್ತಾರೆ, ಆ ಪದದ ಗ್ರೀಕ್ ಮೂಲ 'ಪರೋಯಿಕಿಯಾ'. ತಮ್ಮದಲ್ಲದ ಊರಿನಲ್ಲಿ ಬಿಡಾರ ಹೂಡಿದವರ ವಾಸಕ್ಕೆ ಆ ಮಾತು. ತಾವು ಈ ಲೋಕದಲ್ಲಿ ಪರದೇಶಿಗಳು, ದಾರಿಯಲ್ಲಿರುವವರು ಅಂತ ಮೊದಲ ಕ್ರೈಸ್ತರು ತಿಳಿದಿದ್ದರು. ಧರ್ಮಸಭೆಯ, ಅಂದರೆ ಇಡೀ ಕಥೋಲಿಕ ಚರ್ಚಿನ, 1983ರ ಕಾನೂನು ಕೂಡ ಧರ್ಮಕೇಂದ್ರವನ್ನು ಕಟ್ಟಡ ಅನ್ನುವುದಿಲ್ಲ, ವಿಶ್ವಾಸಿಗಳ ಸಮುದಾಯ ಅನ್ನುತ್ತದೆ. ಸಾಮಾನ್ಯವಾಗಿ ಅದಕ್ಕೆ ಒಂದು ಗಡಿ ಇರುತ್ತದೆ, ಆ ಗಡಿಯೊಳಗಿನ ಎಲ್ಲ ವಿಶ್ವಾಸಿಗಳೂ ಅದಕ್ಕೆ ಸೇರಿದವರು. ಧರ್ಮಕೇಂದ್ರದ ಗುರುಗಳು ಪ್ರತಿ ಭಾನುವಾರ ಒಂದು ಬಲಿಪೂಜೆಯನ್ನು ತಮಗೆ ಒಪ್ಪಿಸಿದ ಜನರಿಗಾಗಿಯೇ ಅರ್ಪಿಸಬೇಕು ಅಂತ ಅದೇ ಕಾನೂನಿನಲ್ಲಿದೆ. ಬಂದು ಕೂತವರಿಗೆ ಮಾತ್ರ ಅಲ್ಲ. ವರ್ಷಗಟ್ಟಲೆ ಬಾರದವರೂ ಅದರಲ್ಲಿ ಸೇರಿದ್ದಾರೆ.

ಸಂಸ್ಕಾರಕ್ಕೂ ಸಮುದಾಯಕ್ಕೂ ಇರುವ ಗಂಟು ಕಣ್ಣಿಗೆ ಕಾಣಬೇಕಾದರೆ ಗುರುಗಳ ಆಫೀಸಿನ ಬೀರು ತೆಗೆದು ದೀಕ್ಷಾಸ್ನಾನದ ದಾಖಲೆ ಪುಸ್ತಕ ನೋಡಬೇಕು. ದಪ್ಪ ರಟ್ಟಿನ, ಅಗಲವಾದ ಪುಸ್ತಕ. ಒಂದೊಂದು ಮಗುವಿಗೆ ಒಂದೊಂದು ಸಾಲು: ಹೆಸರು, ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ, ತಂದೆ ತಾಯಿ, ಜ್ಞಾನತಂದೆ, ಜ್ಞಾನತಾಯಿ, ದೀಕ್ಷೆ ಕೊಟ್ಟ ಗುರು. ಆ ಸಾಲಿನ ಪಕ್ಕದಲ್ಲಿ ಒಂದು ಖಾಲಿ ಜಾಗ ಬಿಟ್ಟಿರುತ್ತಾರೆ. ಪುಸ್ತಕದ ಜೀವ ಇರುವುದು ಆ ಖಾಲಿ ಜಾಗದಲ್ಲಿ.

ಮಗು ದೊಡ್ಡದಾಗಿ ದೃಢೀಕರಣ ಪಡೆದರೆ ಅಲ್ಲಿ ಬರೆಯುತ್ತಾರೆ. ಮುಂದೆ ಬೇರೆ ದೇಶದಲ್ಲಿ ಮದುವೆಯಾದರೂ ಅಲ್ಲಿಯ ಗುರುಗಳು ಈ ಧರ್ಮಕೇಂದ್ರಕ್ಕೆ ಸುದ್ದಿ ಕಳಿಸಬೇಕು. ಅದು ಬಂದ ದಿನ ಇಲ್ಲಿ ಯಾರೋ ಹಳೇ ಪುಸ್ತಕ ಹುಡುಕಿ, ಆ ಸಾಲಿಗೆ ಬೆರಳಿಟ್ಟು, ಪಕ್ಕದಲ್ಲಿ ಮದುವೆಯ ದಿನ, ಊರು, ಸಂಗಾತಿಯ ಹೆಸರು ಬರೆಯುತ್ತಾರೆ. ಗುರುದೀಕ್ಷೆ ಪಡೆದರೂ, ಕನ್ಯಾಸ್ತ್ರೀಯಾಗಿ ಆಜೀವ ವ್ರತ ತೆಗೆದುಕೊಂಡರೂ ಅಲ್ಲೇ ಬರೆಯುತ್ತಾರೆ. ಮದುವೆ ಅಸಿಂಧು ಅಂತ ಧರ್ಮಸಭೆಯ ನ್ಯಾಯಾಲಯ ತೀರ್ಪು ಕೊಟ್ಟರೆ ಅದೂ ಅಲ್ಲೇ. ಅದಕ್ಕೇ ಮದುವೆಯ ಹೊತ್ತಿಗೆ ಹಳೆಯ ದೀಕ್ಷಾಸ್ನಾನ ಪತ್ರ ಸಾಲುವುದಿಲ್ಲ, ಹೊಸ ಪ್ರತಿ ತರಲು ಹೇಳುತ್ತಾರೆ. ಈಚೆಗೆ ಪಕ್ಕದಲ್ಲಿ ಏನಾದರೂ ಬರೆದಿದ್ದರೆ ಹೊಸ ಪ್ರತಿಯಲ್ಲಿ ಮಾತ್ರ ಗೊತ್ತಾಗುತ್ತದೆ. ಮನುಷ್ಯ ಎಷ್ಟೇ ದೂರ ಹೋಗಲಿ, ಅವನಿಗೆ ನೀರು ಹೊಯ್ದ ಜಾಗಕ್ಕೆ ಅವನ ಬದುಕಿನ ಸುದ್ದಿ ವಾಪಸ್ ಬರುತ್ತದೆ. ನಿನ್ನನ್ನು ಇಲ್ಲಿ ಮರೆತಿಲ್ಲ ಅನ್ನುವ ಮಾತನ್ನು ಒಂದು ಸಮುದಾಯ ಇದಕ್ಕಿಂತ ಸರಳವಾಗಿ ಹೇಗೆ ಹೇಳಬೇಕು?

ಹಾಗಾದರೆ ಸಂಸ್ಕಾರ ಕೊಡುವುದು ಸಮುದಾಯವೇ? ಇಲ್ಲಿ ಹುಷಾರಾಗಿರಬೇಕು. ಕೆಲವು ಕಡೆ ಗುರುಗಳು ಒಳ್ಳೆ ಮನಸ್ಸಿನಿಂದಲೇ ಮಾತು ಬದಲಿಸಿ, "ನಾವು ನಿನಗೆ ದೀಕ್ಷಾಸ್ನಾನ ಕೊಡುತ್ತೇವೆ" ಅಂದಿದ್ದರು. ಮನೆಯವರು, ಊರವರು ಎಲ್ಲರೂ ಸೇರಿ ಕೊಡುತ್ತಿದ್ದಾರೆ ಅನ್ನುವ ಭಾವ. 2020ರ ಆಗಸ್ಟ್‌ನಲ್ಲಿ ವ್ಯಾಟಿಕನ್ ಇದಕ್ಕೆ ಉತ್ತರ ಕೊಟ್ಟಿತು. ಅಂಥ ದೀಕ್ಷಾಸ್ನಾನ ಸಿಂಧುವಲ್ಲ, ಮತ್ತೆ ಕೊಡಬೇಕು ಅಂತ. "ನಾನು" ಅನ್ನಬೇಕು. ಯಾಕೆಂದರೆ ಆ "ನಾನು" ಫಾದರ್ ಅಲ್ಲ, ಕ್ರಿಸ್ತ. ಇದು ಸಂತ ಅಗಸ್ಟೀನನ ಕಾಲದ ಮಾತು. ನೀರು ಹೊಯ್ದವನು ಯೇಸುವಿನ ಶಿಷ್ಯ ಪೇತ್ರನಾಗಲಿ, ಯೇಸುವಿಗೆ ದ್ರೋಹ ಬಗೆದ ಯೂದನಾಗಲಿ, ದೀಕ್ಷೆ ಕೊಡುವವನು ಕ್ರಿಸ್ತನೇ ಅಂತ ಅವನು ವಾದಿಸಿದ್ದ. ಕೊಡುವವರ ಯೋಗ್ಯತೆಯ ಮೇಲೆ ಸಂಸ್ಕಾರ ನಿಂತಿಲ್ಲ. ಜೀವಕ್ಕೆ ಅಪಾಯ ಇದ್ದರೆ ನರ್ಸ್ ಆಗಲಿ, ಸ್ವತಃ ದೀಕ್ಷೆ ಪಡೆಯದ ವ್ಯಕ್ತಿಯಾಗಲಿ, ಧರ್ಮಸಭೆ ಮಾಡುವುದನ್ನೇ ಮಾಡುವ ಉದ್ದೇಶವಿಟ್ಟು, ನೀರು ಹೊಯ್ದು ಆ ಮಾತು ಹೇಳಿದರೆ ಸಾಕು. ಸಮುದಾಯ ಸಂಸ್ಕಾರದ ಯಜಮಾನ ಅಲ್ಲ. ಅದು ಸಂಸ್ಕಾರವನ್ನು ಪಡೆದುಕೊಳ್ಳುತ್ತದೆ, ಕಾಯುತ್ತದೆ, ಕೈಯಿಂದ ಕೈಗೆ ದಾಟಿಸುತ್ತದೆ. ಕಾನೂನು ಕಟ್ಟುನಿಟ್ಟು ಅಂತ ಕೆಲವರಿಗೆ ಬೇಜಾರಾಗಬಹುದು. ನನಗೆ ಅದರಲ್ಲಿ ಒಂದು ನೆಮ್ಮದಿ ಕಾಣುತ್ತದೆ. ನಮ್ಮ ಒಳ್ಳೆತನ ಖಾಲಿಯಾದರೂ ಸಂಸ್ಕಾರ ಖಾಲಿಯಾಗುವುದಿಲ್ಲ.

ದಾಟಿಸುವುದು ಅಂದೆನಲ್ಲ, ಅದು ಜಾಸ್ತಿ ಎದ್ದು ಕಾಣುವುದು ಪರಮಪ್ರಸಾದದಲ್ಲಿ. ಸುಮಾರು ಕ್ರಿ.ಶ. 155ರಲ್ಲಿ ಸಂತ ಜಸ್ಟಿನ್ ರೋಮ್‌ನಲ್ಲಿ ಕುಳಿತು, ಕ್ರೈಸ್ತರು ಭಾನುವಾರ ಏನು ಮಾಡುತ್ತಾರೆ ಅಂತ ಚಕ್ರವರ್ತಿಗೆ ವಿವರಿಸಿ ಬರೆದ. ಊರಿನವರೂ ಹಳ್ಳಿಯವರೂ ಒಂದು ಕಡೆ ಸೇರುತ್ತಾರೆ. ಗ್ರಂಥಪಠಣ, ಬೋಧನೆ, ಪ್ರಾರ್ಥನೆ. ಆಮೇಲೆ ರೊಟ್ಟಿ, ದ್ರಾಕ್ಷಾರಸ ತರುತ್ತಾರೆ, ಕೃತಜ್ಞತೆಯ ಪ್ರಾರ್ಥನೆಯ ನಂತರ ಹಂಚುತ್ತಾರೆ. ಬರಲಾಗದವರಿಗೆ ಡೀಕನ್‌ಗಳು, ಅಂದರೆ ಸೇವೆಗೆ ನೇಮಿಸಿದವರು, ಒಯ್ದು ಕೊಡುತ್ತಾರೆ. ಇದ್ದವರು ಕೈಲಾದಷ್ಟು ಹಣ ಕೊಡುತ್ತಾರೆ. ಅದು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಊರಿಗೆ ಹೊಸಬರಾಗಿ ಬಂದವರಿಗೆ ಹೋಗುತ್ತದೆ. ಪೂಜೆ ಒಂದು, ಸಮಾಜಸೇವೆ ಇನ್ನೊಂದು ಅಂತ ಜಸ್ಟಿನ್ ಬೇರೆ ಬೇರೆ ಬರೆಯಲಿಲ್ಲ. ಒಂದೇ ಉಸಿರಿನಲ್ಲಿ ಬರೆದ.

ಇವತ್ತಿನ ಭಾನುವಾರವೂ ಹಾಗೇ ಇದೆ. ಬಲಿಪೂಜೆ ಮುಗಿದು ಜನ ಹೊರಗೆ ಮಾತಾಡುತ್ತಾ ನಿಂತಿರುವಾಗ, ಒಬ್ಬ ಗೃಹಿಣಿ ಅವಸರ ಮಾಡದೆ ಗೇಟು ದಾಟುತ್ತಾರೆ. ಎದೆಯ ಹತ್ತಿರ ಚಿಕ್ಕ ಚೀಲ, ಅದರೊಳಗೆ ಜೇಬುಗಡಿಯಾರದಷ್ಟು ದೊಡ್ಡ ದುಂಡನೆಯ ಡಬ್ಬಿ. ಅದರಲ್ಲಿ ಪರಮಪ್ರಸಾದ. ದಾರಿಯಲ್ಲಿ ಹರಟೆಗೆ ನಿಲ್ಲುವುದಿಲ್ಲ. ಹಾಸಿಗೆ ಹಿಡಿದ ಒಬ್ಬರು ಮನೆಯಲ್ಲಿ ಕಾಯುತ್ತಿದ್ದಾರೆ. ಮಂಚದ ಪಕ್ಕ ಬಿಳಿ ಬಟ್ಟೆ ಹಾಸಿ, ಮೇಣದಬತ್ತಿ ಹಚ್ಚಿಟ್ಟಿದ್ದಾರೆ. ಸಾಮಾನ್ಯ ವಿಶ್ವಾಸಿಗಳೂ ಹೀಗೆ ಪ್ರಸಾದ ಒಯ್ಯಲು 1973ರಲ್ಲಿ ವ್ಯಾಟಿಕನ್ ದಾರಿ ಮಾಡಿಕೊಟ್ಟಿತು. ಆ ಮಂಚ ಆ ಹೊತ್ತಿಗೆ ಚರ್ಚಿನ ಕೊನೆಯ ಬೆಂಚು.

ರೋಮ್‌ನಲ್ಲಿ ಇನ್ನೂ ಒಂದು ಪದ್ಧತಿ ಇತ್ತು. ಪೋಪರು ತಮ್ಮ ಪೂಜೆಯ ಪ್ರಸಾದದ ಚೂರನ್ನು ನಗರದ ಬೇರೆ ಚರ್ಚುಗಳಿಗೆ ಕಳಿಸುತ್ತಿದ್ದರು. ಅದರ ಹೆಸರು 'ಫೆರ್ಮೆಂಟುಮ್', ಅಂದರೆ ಹುಳಿ ಹಿಟ್ಟು. 416ರಲ್ಲಿ ಒಂದನೇ ಇನ್ನೊಸೆಂಟ್ ಪೋಪರು ಬರೆದ ಪತ್ರದಲ್ಲಿ ಅದರ ಮಾತಿದೆ. ಅಲ್ಲಿನ ಗುರುಗಳು ಆ ದಿನ ನಮ್ಮಿಂದ ಬೇರೆಯಾದೆವು ಅಂದುಕೊಳ್ಳಬಾರದು, ಅದಕ್ಕೇ ಕಳಿಸುತ್ತೇವೆ ಅಂತ. ಒಂದು ಚೂರು ರೊಟ್ಟಿಗೆ ಎಷ್ಟು ಕೆಲಸ!

ಪಾಪನಿವೇದನೆಯಲ್ಲಿ ಸಮುದಾಯ ಎಲ್ಲಿದೆ ಅಂತ ಕೇಳಬಹುದು. ಅಲ್ಲಿ ಇರುವವರು ಇಬ್ಬರೇ, ಅದೂ ಪಿಸುಮಾತು. ಕೇಳಿದ್ದನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಆದರೆ ಮೊದಲ ಶತಮಾನಗಳಲ್ಲಿ ದೊಡ್ಡ ಪಾಪಗಳಿಗೆ ಪ್ರಾಯಶ್ಚಿತ್ತ ಎಲ್ಲರ ಕಣ್ಣೆದುರೇ ನಡೆಯುತ್ತಿತ್ತು. ತಪ್ಪು ಮಾಡಿದವರು ಬೇರೆ ನಿಲ್ಲುತ್ತಿದ್ದರು, ಎಲ್ಲರೂ ಅವರಿಗಾಗಿ ಪ್ರಾರ್ಥಿಸುತ್ತಿದ್ದರು, ಕೊನೆಗೆ ಬಿಷಪ್ ಕೈಯಿಟ್ಟು ಒಳಗೆ ಕರೆದುಕೊಳ್ಳುತ್ತಿದ್ದರು. ಗುಟ್ಟಾಗಿ, ಮತ್ತೆ ಮತ್ತೆ ನಿವೇದಿಸುವ ಪದ್ಧತಿಯನ್ನು ಆಮೇಲೆ ಐರ್ಲೆಂಡಿನ ಸನ್ಯಾಸಿಗಳು ಹರಡಿದರು. ಪದ್ಧತಿ ಬದಲಾದರೂ ಒಳಗಿನ ಮಾತು ಉಳಿದಿದೆ. ಕ್ಷಮೆ ಪಡೆದವನು ದೇವರ ಜೊತೆ ಮಾತ್ರ ರಾಜಿಯಾಗುವುದಿಲ್ಲ, ತನ್ನ ತಪ್ಪಿನಿಂದ ಗಾಯವಾದ ಸಮುದಾಯದ ಜೊತೆಗೂ ಆಗುತ್ತಾನೆ.

ರೋಗಿಗಳ ಅಭ್ಯಂಗದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇನ್ನೂ ಹೋಗಿಲ್ಲ. ಫಾದರ್ ಎಣ್ಣೆ ತಂದರು ಅಂದರೆ ಕಥೆ ಮುಗಿಯಿತು ಅಂತ ಮನೆಯವರು ಹೆದರಿ, ಕರೆಯುವುದನ್ನು ಮುಂದೂಡುತ್ತಾರೆ. ಮೊದಲು ಅದಕ್ಕೆ ಅಂತಿಮ ಅಭ್ಯಂಗ ಅನ್ನುವ ಹೆಸರಿದ್ದದ್ದೂ ಈ ಹೆದರಿಕೆಗೆ ಕಾರಣ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಆ ಹೆಸರಿಗಿಂತ ರೋಗಿಗಳ ಅಭ್ಯಂಗ ಅನ್ನುವುದೇ ಸರಿ ಅಂತ ಹೇಳಿತು. ಸಾಯುವ ಗಳಿಗೆಗೆ ಕಾಯಬೇಕಿಲ್ಲ. ಗಂಭೀರ ಕಾಯಿಲೆ ಬಂದಾಗ, ದೊಡ್ಡ ಆಪರೇಷನ್‌ಗೆ ಮುಂಚೆ, ವಯಸ್ಸಾಗಿ ಶಕ್ತಿ ಕುಂದಿದಾಗ ಕೇಳಬಹುದು. ದಯವಿಟ್ಟು ಬೇಗ ಕರೆಯಿರಿ. ರೋಗಿಗೆ ಪ್ರಜ್ಞೆ ಇರುವಾಗ, ಅವರೂ ಪ್ರಾರ್ಥನೆಗೆ ದನಿ ಸೇರಿಸಬಲ್ಲಾಗ ಕರೆಯಿರಿ. ಆ ಎಣ್ಣೆಯೂ ಸುಮ್ನೆ ಬಂದದ್ದಲ್ಲ. ಪವಿತ್ರ ವಾರದಲ್ಲಿ ಬಿಷಪ್ ತಮ್ಮ ಗುರುಗಳನ್ನೆಲ್ಲ ಸೇರಿಸಿಕೊಂಡು ವರ್ಷಕ್ಕೆ ಬೇಕಾದ ಮೂರು ಬಗೆಯ ಎಣ್ಣೆಗಳನ್ನು ಆಶೀರ್ವದಿಸುತ್ತಾರೆ, ಅದು ಪ್ರತಿ ಧರ್ಮಕೇಂದ್ರಕ್ಕೂ ಹೋಗುತ್ತದೆ.

ಮದುವೆಯ ವಿಷಯ ಚಿಕ್ಕದಾಗಿ. ರೋಮನ್ ಪದ್ಧತಿಯಲ್ಲಿ ಈ ಸಂಸ್ಕಾರ ಕೊಡುವವರು ಗುರುಗಳಲ್ಲ, ವಧು ವರರೇ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ. ಗುರುಗಳು ಧರ್ಮಸಭೆಯ ಪರವಾಗಿ ಅವರ ಒಪ್ಪಿಗೆ ಕೇಳಿ ಪಡೆಯುತ್ತಾರೆ. ಇಬ್ಬರು ಸಾಕ್ಷಿಗಳೂ ಬೇಕು. 1563ರಲ್ಲಿ ಟ್ರೆಂಟ್ ಮಹಾಸಭೆ ಈ ನಿಯಮ ತಂದದ್ದು ಗುಟ್ಟಾಗಿ ಮದುವೆಯಾಗಿ, ಆಮೇಲೆ ಇಲ್ಲ ಅನ್ನುವವರನ್ನು ತಡೆಯಲು.

ಗುರುಗಳೇ ಇಲ್ಲದಿದ್ದರೆ ಏನಾಗುತ್ತದೆ? ಜಪಾನಿನಲ್ಲಿ ಅದು ನಡೆದಿದೆ. 1614ರಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಬಿತ್ತು. 1640ರ ದಶಕದಲ್ಲಿ ಕೊನೆಯ ಗುರುಗಳೂ ಇಲ್ಲವಾದರು. ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ, ಎಣ್ಣೆ ಇಲ್ಲ. ನಾಗಸಾಕಿ ಹತ್ತಿರದ ಉರಾಕಾಮಿ ಹಳ್ಳಿಯವರು ಕೆಲಸ ಹಂಚಿಕೊಂಡರು. ಒಬ್ಬ ಹಬ್ಬದ ದಿನಗಳ ಪುಸ್ತಕ ನೋಡಿಕೊಳ್ಳುತ್ತಿದ್ದ. ಒಬ್ಬ ಮಕ್ಕಳಿಗೆ ದೀಕ್ಷಾಸ್ನಾನ ಕೊಡುತ್ತಿದ್ದ. ಇನ್ನೊಬ್ಬ ಮನೆಮನೆಗೆ ಸುದ್ದಿ ಮುಟ್ಟಿಸುತ್ತಿದ್ದ. ಇನ್ನೂರಕ್ಕೂ ಹೆಚ್ಚು ವರ್ಷ ಹೀಗೇ ಸಾಗಿತು. 1865ರ ಮಾರ್ಚ್ 17ರಂದು ನಾಗಸಾಕಿಯ ಹೊಸ ಓಉರಾ ಚರ್ಚಿಗೆ ಆ ಹಳ್ಳಿಯಿಂದ ಒಂದು ಗುಂಪು ಬಂತು. ಫ್ರೆಂಚ್ ಗುರು ಬರ್ನಾರ್ಡ್ ಪೆತಿಜಾನ್ ಪ್ರಾರ್ಥನೆಯಲ್ಲಿದ್ದರು. ಒಬ್ಬ ಹೆಂಗಸು ಹತ್ತಿರ ಬಂದು, ನಮ್ಮ ಹೃದಯವೂ ನಿಮ್ಮ ಹೃದಯವೂ ಒಂದೇ ಅಂದಳು. ಆಮೇಲೆ ಮಾತೆ ಮರಿಯಳ ಪ್ರತಿಮೆ ಎಲ್ಲಿದೆ ಅಂತ ಕೇಳಿದಳು.