ಸೋಡಾ ನೀರಿನ ಸ್ನಾನ: ಹೃದಯದಿಂದ ಮೀನಖಂಡದವರೆಗೆ

ಗೋಲಿ ಸೋಡಾ ಬಾಟಲಿ ನಮ್ಮೂರಿನದೇ ಅಂತ ಅಂದುಕೊಂಡಿರುತ್ತೇವೆ, ಅಲ್ವಾ? ಅದಕ್ಕೆ 1872ರಲ್ಲಿ ಪೇಟೆಂಟ್ ಪಡೆದವನು ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್. ಅದೇ ಬಾಟಲಿ ಜಪಾನಿಗೂ ಹೋಯಿತು. ಅಲ್ಲಿ ಅದರೊಳಗಿನ ಪಾನೀಯದ ಹೆಸರು ರಾಮುನೆ. ಲೆಮನೇಡ್ ಅನ್ನೋ ಪದವೇ ಜಪಾನಿಗರ ಬಾಯಲ್ಲಿ ಹಾಗಾಗಿದೆ. ಕ್ಯೂಶು ದ್ವೀಪದ ನಾಗಾಯು ಊರಿನಲ್ಲಿ ಒಂದು ಸ್ನಾನದ ಮನೆಗೂ ಇದೇ ಹೆಸರು. ಅಲ್ಲಿ ನೆಲದಿಂದ ಬರುವ ನೀರಿನಲ್ಲೂ ಸೋಡಾದ ಹಾಗೆ ಕಾರ್ಬನ್ ಡೈಆಕ್ಸೈಡ್ ಅನಿಲ ಕರಗಿರುತ್ತದೆ. ಅಲ್ಲಿನ ತಣ್ಣನೆ ತೊಟ್ಟಿಯ ನೀರು ಸುಮಾರು 32 ಡಿಗ್ರಿ. ಇಳಿದು ಸುಮ್ನೆ ಕೂತರೆ ಸಾಕು, ಕೈಕಾಲಿನ ಕೂದಲಿಗೆಲ್ಲ ಸಣ್ಣ ಸಣ್ಣ ಗುಳ್ಳೆ ಅಂಟಿಕೊಳ್ಳುತ್ತವೆ. ನಮ್ಮ ಪುತ್ತೂರಿನ ಬಿಸಿನೀರಿನ ಬುಗ್ಗೆ ಬೆಂದ್ರು ತೀರ್ಥದ್ದು ಗಂಧಕದ ನೀರು, ಅದರ ಕಥೆ ಬೇರೆ.

ಈ ಸ್ನಾನ ಮೊದಲು ಹೆಸರು ಮಾಡಿದ್ದು ಜರ್ಮನಿಯಲ್ಲಿ. ಫ್ರಾಂಕ್‌ಫರ್ಟ್ ಹತ್ತಿರದ ನೌಹೈಮ್ ಉಪ್ಪು ಕಾಯಿಸುತ್ತಿದ್ದ ಊರು. ಉಪ್ಪುನೀರಿಗಾಗಿ ಅಲ್ಲಿ ಕೊರೆದ ಒಂದು ಬಾವಿಯಿಂದ ಏನೂ ಬರದೆ ಕೈಬಿಟ್ಟಿದ್ದರು. 1846ರ ಡಿಸೆಂಬರಿನಲ್ಲಿ ಅದೇ ಬಾವಿಯಿಂದ ನೊರೆನೊರೆಯಾದ ಬಿಸಿ ಉಪ್ಪುನೀರು ತಾನಾಗಿಯೇ ಚಿಮ್ಮಿತು. ಉಪ್ಪಿನ ಊರು ರೋಗಿಗಳ ಊರಾಯಿತು. ಆಗಸ್ಟ್ ಮತ್ತು ಥಿಯೋಡರ್ ಷಾಟ್ ಎಂಬ ವೈದ್ಯ ಸಹೋದರರು ಈ ಸ್ನಾನಕ್ಕೆ ಹಗುರ ವ್ಯಾಯಾಮ ಸೇರಿಸಿ ಹೃದ್ರೋಗಿಗಳಿಗೆ ಚಿಕಿತ್ಸೆ ಕೊಡತೊಡಗಿದರು. ಆಗ ಹೃದಯಕ್ಕೆ ಹೇಳಿಕೊಳ್ಳುವಂಥ ಔಷಧಿಗಳು ಜಾಸ್ತಿ ಇರಲಿಲ್ಲ. 1891ರಲ್ಲಿ ಅಮೆರಿಕದಿಂದ ಜೇಮ್ಸ್ ರೂಸ್‌ವೆಲ್ಟ್ ಕೂಡ ಹೃದಯದ ತೊಂದರೆಗೆ ಅಲ್ಲಿಗೆ ಬಂದರು. ಜೊತೆಗೆ ಬಂದ ಮಗ ಕೆಲವು ವಾರ ಅಲ್ಲಿನ ಶಾಲೆಗೂ ಹೋದ. ಮುಂದೆ ಅಮೆರಿಕದ ಅಧ್ಯಕ್ಷನಾದ ಫ್ರಾಂಕ್ಲಿನ್ ಅವನೇ.

ಇಷ್ಟೊಂದು ಜನ ನಂಬಿದ್ದು ಯಾಕೆ? ಪರಿಣಾಮ ಕಣ್ಣಿಗೆ ಕಾಣುತ್ತಿತ್ತು, ಅದಕ್ಕೆ. ತೊಟ್ಟಿಯಿಂದ ಎದ್ದರೆ ನೀರು ಮುಟ್ಟಿದಷ್ಟು ಚರ್ಮ ಮಾತ್ರ ಕೆಂಪಗಾಗಿರುತ್ತದೆ, ಗೆರೆ ಎಳೆದ ಹಾಗೆ. ಕೆಲಸ ಮಾಡುವುದು ಗುಳ್ಳೆಯಲ್ಲ, ನೀರಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್. ಅದು ಚರ್ಮದೊಳಗೆ ಇಳಿದು ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಉಗುರುಬೆಚ್ಚಗಿನ ನೀರೂ ಇದರಿಂದ ಇನ್ನಷ್ಟು ಬೆಚ್ಚಗೆ ಅನ್ನಿಸುತ್ತದೆ.

ಹೃದಯಕ್ಕೆ ಒಳ್ಳೆಯ ಔಷಧಿ ಬಂದ ಮೇಲೆ ಸ್ನಾನದ ಮಾತು ಕಾಲಿಗಿಳಿಯಿತು. ಫ್ರಾನ್ಸಿನ ರೋಯಾ ಊರಿನಲ್ಲಿ ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೆ ಈ ಸ್ನಾನ ಮಾಡಿಸುತ್ತಾರೆ. ಅಲ್ಲಿಂದ, ಆಟಗಾರರ ದಣಿದ ಸ್ನಾಯುವಿಗೂ ಇದು ಒಳ್ಳೆಯದು ಅನ್ನುವ ವಾದಕ್ಕೆ ಒಂದೇ ಹೆಜ್ಜೆ. ಆ ಹೆಜ್ಜೆಯಲ್ಲೇ ನನಗೆ ಅನುಮಾನ. ಕೆಂಪಾಗುವುದು ಚರ್ಮ, ನೋಯುವುದು ಅದರ ಕೆಳಗಿನ ಮಾಂಸ.

ವಾದಕ್ಕೆ ಬುಡವೇ ಇಲ್ಲ ಅಂತಲ್ಲ. ಕಾರ್ಬನ್ ಡೈಆಕ್ಸೈಡ್ ಹೆಚ್ಚಿದ ಕಡೆ ರಕ್ತ ತನ್ನ ಆಮ್ಲಜನಕವನ್ನು ಬೇಗ ಬಿಟ್ಟುಕೊಡುತ್ತದೆ ಅಂತ 1904ರಲ್ಲೇ ಡೆನ್ಮಾರ್ಕಿನ ಕ್ರಿಸ್ಟಿಯನ್ ಬೋರ್ ತೋರಿಸಿದ್ದರು. 2011ರಲ್ಲಿ ಜಪಾನಿನ ಕೋಬೆ ವಿಶ್ವವಿದ್ಯಾಲಯದವರು ಇದನ್ನು ಮನುಷ್ಯರ ಮೀನಖಂಡದಲ್ಲೇ ಅಳೆದರು. ಆದರೆ ಅವರು ಬಳಸಿದ್ದು ಸ್ನಾನದ ನೀರಲ್ಲ. ಕಾಲಿಗೆ ಜೆಲ್ ಹಚ್ಚಿ, ಸುತ್ತ ಗಾಳಿಯಾಡದಂತೆ ಮುಚ್ಚಿ, ಒಳಗೆ ಶುದ್ಧ ಅನಿಲ ತುಂಬಿದ್ದರು. ಇನ್ನು ದಣಿವಿನ ವಿಷಯ. ಬರೀ ಬೆಚ್ಚನೆಯ ನೀರಿಗೂ ಮೈ ಹಗುರಾಗುತ್ತದಲ್ಲ! ಹಾಗಾಗಿ ಅಷ್ಟೇ ಬಿಸಿಯ ಮಾಮೂಲಿ ನೀರಿನ ಜೊತೆ ಹೋಲಿಸದೆ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಮನೆಯ ತೊಟ್ಟಿಗೆ ಇದು ಬಂದಿದ್ದು ಮಾತ್ರೆಯ ರೂಪದಲ್ಲಿ. ಜಪಾನಿನ ಕಾವೊ ಕಂಪನಿ 1983ರಲ್ಲಿ 'ಬಬ್' ಎಂಬ ಮಾತ್ರೆ ತಂದಿತು. ನೀರಿಗೆ ಹಾಕಿದರೆ ಅದರಲ್ಲಿರುವ ಸೋಡಾ ಮತ್ತು ಹುಳಿ ಸೇರಿ ಈನೋ ಥರ ಬುಸ್ಸೆನ್ನುತ್ತದೆ. ಈಗ ಸ್ವಲ್ಪ ಲೆಕ್ಕ ಹಾಕೋಣ. ಔಷಧೀಯ ಕಾರ್ಬನ್ ಡೈಆಕ್ಸೈಡ್ ಬುಗ್ಗೆ ಅನ್ನಿಸಿಕೊಳ್ಳಲು ಜಪಾನಿನಲ್ಲಿ ಕಿಲೋ ನೀರಿಗೆ 1000 ಮಿಲಿಗ್ರಾಂ ಅನಿಲ ಇರಬೇಕು. 40 ಡಿಗ್ರಿ ನೀರು ಹಿಡಿದಿಟ್ಟುಕೊಳ್ಳುವುದೇ ಹೆಚ್ಚುಕಡಿಮೆ ಅಷ್ಟು. ಬಿಸಿಲಿಗಿಟ್ಟ ಸೋಡಾ ಸಪ್ಪೆಯಾಗುವುದೂ ಇದಕ್ಕೇ. 200 ಲೀಟರಿನ ತೊಟ್ಟಿಯಲ್ಲಿ ಅಷ್ಟು ಅನಿಲ ಬರಬೇಕಾದರೆ ಅಡುಗೆ ಸೋಡಾ ಒಂದೇ ಸುಮಾರು 380 ಗ್ರಾಂ ಬೇಕು, ಅದೂ ಒಂದು ಗುಳ್ಳೆಯೂ ಹಾರಿಹೋಗದಿದ್ದರೆ. ಮಾತ್ರೆಯ ತೂಕ 40 ಗ್ರಾಂ, ಅದರಲ್ಲಿ ಹುಳಿಯ ಪಾಲೂ ಸೇರಿದೆ.